ಗೋಡೆ ಬಂದೂಕಿಗೊಂದು ಗೋಡೆ

ಡೆಲ್ಬರ್ಟ್ ಕೂಂಟ್ಸನ ಕಷ್ಟಕ್ಕೆಲ್ಲ ಕಾರಣ ಒಂದೇ ಒಂದು ವಾಕ್ಯ. ಅದನ್ನು ಬರೆದವನೂ ಅವನೇ.

ಎರಡು ವರ್ಷದ ಹಿಂದೆ ಹ್ಯಾಸ್ಲೆಟ್ ಕೋಟೆಯ ವಾರ್ಷಿಕ ದಿನಕ್ಕೆ ಒಹಾಯೋ ಕಡೆಯವನೊಬ್ಬ ತಾನೇ ಮಾಡಿದ ಗೋಡೆ ಬಂದೂಕು ತಂದಿದ್ದ. ಹಿಂದೆ ಕೋಟೆಗೋಡೆಯ ಮೇಲೆ ಕೂರಿಸಿ ಹೊಡೆಯುತ್ತಿದ್ದ ಚಕಮಕಿ ಬಂದೂಕು ಅದು. ನೋಡಲು ಮಾಮೂಲಿ ಬಂದೂಕೇ, ಆದರೆ ಆನೆಕಾಲು ರೋಗ ಬಡಿದ ಹಾಗೆ ಎಲ್ಲವೂ ಮೂರು ಪಟ್ಟು. ಆ ಮನುಷ್ಯ ಅದನ್ನೊಂದು ಕೈಗಾಡಿಯ ಮೇಲಿಟ್ಟು ಢಮ್ಮೆನ್ನಿಸಿದ. ಜನ ಕುಣಿದಾಡಿದರು. ತನ್ನ ಗ್ಯಾರೇಜಿನಲ್ಲಿ ಅಂಥದ್ದೇ ಒಂದನ್ನು ಒಂದು ವರ್ಷದಿಂದ ಉಜ್ಜುತ್ತಿದ್ದ ಡೆಲ್ಬರ್ಟನಿಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು.

ಡೆಲ್ಬರ್ಟ್ ಸ್ಕೂಲ್ ಬಸ್ಸುಗಳ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಶನಿವಾರ ಬಂತೆಂದರೆ ಊರಿನ ಇನ್ನೂ ನಲವತ್ತು ಮಂದಿಯ ಜೊತೆ ಇನ್ನೂರೈವತ್ತು ವರ್ಷದ ಹಿಂದಿನ ಸಿಪಾಯಿಯ ವೇಷ ತೊಟ್ಟು, ಹಳೆಯದರ ಮಾದರಿಯಲ್ಲೇ ಮರದಿಂದ ಮತ್ತೆ ಕಟ್ಟಿದ ಆ ಕೋಟೆಗೆ ಹೋಗುತ್ತಿದ್ದ. ಅಲ್ಲಿ ಅವರೆಲ್ಲ ಪರಸ್ಪರರ ಗುಂಡಿ, ಹೊಲಿಗೆ, ಬೂಟಿನ ಮೊಳೆಗಳಲ್ಲಿ ತಪ್ಪು ಹುಡುಕಿ ಸುಖಪಡುತ್ತಿದ್ದರು. ಆ ತಪ್ಪು ಹುಡುಕುವ ಸಮಿತಿಗೆ ಡೆಲ್ಬರ್ಟನೇ ಅಧ್ಯಕ್ಷ. ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದ: "ಕೈಗಾಡಿ ಮೇಲಿಟ್ಟು ಹೊಡೆದ್ರೆ ಅದು ಕೈಗಾಡಿ ಬಂದೂಕು. ಗೋಡೆ ಬಂದೂಕು ಅನ್ನೋಕೆ ಗೋಡೆ ಬೇಡವಾ?"

ಹಾಗೆ ನಿಯಮ ಬರೆದಾಯಿತು: "ಗೋಡೆ ಬಂದೂಕನ್ನು ಗೋಡೆಯ ಮೇಲಿನಿಂದಲೇ ಹಾರಿಸತಕ್ಕದ್ದು. ಸದರಿ ಗೋಡೆಯು ಆ ಕಾಲದ್ದು ಅಥವಾ ಆ ಕಾಲದ ರೀತಿಯಲ್ಲಿ ಕೈಯಿಂದ ಮಾಡಿದ್ದು ಆಗಿರತಕ್ಕದ್ದು."

ಎಲ್ಲರೂ ಕೈ ಎತ್ತಿದರು. ಡೆಲ್ಬರ್ಟ್ ಎರಡೂ ಕೈ ಎತ್ತಿದ್ದ.

ಈ ವರ್ಷದ ವಾರ್ಷಿಕ ದಿನ, ಬೆಳಿಗ್ಗೆ ಏಳಕ್ಕೆ ಫೋನು ಬಂತು. ಕೋಟೆಯ ಸುರಕ್ಷತೆ ನೋಡಿಕೊಳ್ಳುವ ಮಿಸ್ ಓಟ್. ವಯಸ್ಸು ಎಪ್ಪತ್ತೊಂಬತ್ತು; ಡೆಲ್ಬರ್ಟನಿಗೆ ನಾಲ್ಕನೇ ಕ್ಲಾಸಿನಲ್ಲಿ ಟೀಚರು.

"ಡೆಲ್ಬರ್ಟ್, ಕೋಟೆಗೋಡೆಗೆ ಹುಳ ಹಿಡಿದಿದೆ. ನಿನ್ನೆ ಇನ್ಶೂರೆನ್ಸಿನವರು ಬಂದು ಚೀಟಿ ಅಂಟಿಸಿ ಹೋದರು. ಗೋಡೆ ಮೇಲೆ ಏನೂ ಇಡೋ ಹಾಗಿಲ್ಲ, ಯಾರೂ ಒರಗೋ ಹಾಗಿಲ್ಲ."

"ಮಿಸ್ ಓಟ್, ಹನ್ನೆರಡು ಗಂಟೆಗೆ ನನ್ನ ಬಂದೂಕು! ಗೋಡೆ ಇಲ್ಲದೆ ನಾನು..."

"ನಿಯಮ ಬರೆದೋನು ನೀನು. ನಾಲ್ಕನೇ ಕ್ಲಾಸಲ್ಲೂ ಹೀಗೇ, ನೀನೇ ಕಟ್ಟಿದ ಗಂಟಲ್ಲಿ ನಿನ್ನ ಬೆರಳೇ ಸಿಕ್ಕಿಕೊಳ್ತಿತ್ತು." ಫೋನು ಕಟ್ಟಾಯಿತು.

ಡೆಲ್ಬರ್ಟ್ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದ. ಎದುರಿಗೆ ಹೆಂಡತಿ ಆರ್ಡಿತ್ ಮೊಟ್ಟೆ ಹುರಿಯುತ್ತಿದ್ದಳು. ಇವತ್ತಿನ ದಿನದ ಮೇಲೆ ಅವರಿಬ್ಬರ ನಡುವೆ ಒಂದು ಪಂದ್ಯವಿತ್ತು. ಮೂರು ವರ್ಷ ಗ್ಯಾರೇಜು ಬಂದೂಕಿನ ಪಾಲಾಗಿ ಕಾರು ಮಳೆಯಲ್ಲಿ ನೆನೆದಿತ್ತು. ಆರ್ಡಿತ್‌ಳ ನೇಯ್ಗೆ ಮಗ್ಗ ಮಹಡಿಯ ಮಲಗುವ ಕೋಣೆಯಲ್ಲಿ ಕೂತು, ಹಾಸಿಗೆಗೆ ಹೋಗಬೇಕಾದರೆ ಅದರ ಕೆಳಗೆ ತೆವಳಬೇಕಿತ್ತು. ಇವತ್ತು ಹನ್ನೆರಡಕ್ಕೆ ಬಂದೂಕು ಹಾರಿದರೆ ಗ್ಯಾರೇಜು ಡೆಲ್ಬರ್ಟನಿಗೆ, ಜನ್ಮಪೂರ್ತಿ. ಹಾರದಿದ್ದರೆ ಸಂಜೆಯೇ ಮಗ್ಗ ಗ್ಯಾರೇಜಿಗೆ ಇಳಿಯುತ್ತದೆ.

"ಮುಖ ಯಾಕೆ ಹಾಗಿದೆ?" ಎಂದಳು ಆರ್ಡಿತ್.

"ಗೋಡೆ ಇಲ್ವಂತೆ."

"ಅಯ್ಯೋ ಪಾಪ," ಎಂದು ಆರ್ಡಿತ್ ಅಳತೆಯ ಟೇಪು ಹುಡುಕಲು ಹೋದಳು. ಮಗ್ಗ ಅಳೆಯುವುದಕ್ಕೆ.

ಪಕ್ಕದ ಮನೆಯ ಫ್ಲಾಯ್ಡ್ ಬಾಗಿಲು ತಟ್ಟದೆ ಒಳಗೆ ಬಂದ. ಅವನಿಗೊಂದು ಪಿಕಪ್ ಗಾಡಿಯಿತ್ತು, ಜೊತೆಗೆ ಎಲ್ಲ ವಿಷಯಕ್ಕೂ ಒಂದು ಸಲಹೆಯಿತ್ತು. "ಅಷ್ಟೇ ತಾನೆ? ಹುಲ್ಲಿನ ಪಿಂಡಿ ಪೇರಿಸೋಣ. ನಿನ್ನೆ ತಂದದ್ದು ಗಾಡಿಯಲ್ಲೇ ಇದೆ."

ಇಬ್ಬರೂ ಬಂದೂಕು ಹೊತ್ತು ಗಾಡಿಗೇರಿಸಿದರು. ಏಳಡಿ ನಳಿಗೆ, ಐವತ್ತೈದು ಪೌಂಡು ತೂಕ, ಹೆಬ್ಬೆರಳು ಸಲೀಸಾಗಿ ಹೋಗುವಷ್ಟು ಬಾಯಿ. ಚಕಮಕಿ ಕಲ್ಲು ಹಿಡಿಯುವ ಕುದುರೆ ನಿಜವಾಗಿಯೂ ಒಂದು ಸಣ್ಣ ಪ್ರಾಣಿಯಷ್ಟಿತ್ತು. ಅಷ್ಟು ದೊಡ್ಡ ಕಲ್ಲು ಅಂಗಡಿಯಲ್ಲಿ ಸಿಗದೆ ಡೆಲ್ಬರ್ಟನೇ ಬಂಡೆ ಒಡೆದು ಮಾಡಿದ್ದ. ಎಡಗೈ ಹೆಬ್ಬೆರಳಿನ ಉಗುರು ಇನ್ನೂ ನೀಲಿಯಾಗಿತ್ತು. ಬಂದೂಕಿನ ಹೊಟ್ಟೆಯ ಕೆಳಗೆ ಗೋಡೆಗೆ ಸಿಕ್ಕಿಸುವ ಕಬ್ಬಿಣದ ಕವೆ. ನಳಿಗೆ ಗಾಡಿಯ ಹಿಂದಕ್ಕೆ ಚಾಚಿದ್ದರಿಂದ ತುದಿಗೆ ಆರ್ಡಿತ್‌ಳ ಕೆಂಪು ಏಪ್ರನ್ ಕಟ್ಟಿದರು.

ಕೋಟೆಯ ಬಾಗಿಲಲ್ಲೇ ವರ್ನನ್ ಕಾದಿದ್ದ. ಸಮಿತಿಯ ಉಪಾಧ್ಯಕ್ಷ, ಒಂದು ಭೂತಗನ್ನಡಿಯ ಮಾಲೀಕ. ಅಧ್ಯಕ್ಷನ ಕುರ್ಚಿ ಯಾವಾಗ ಖಾಲಿಯಾದೀತು ಎಂದು ಆರು ವರ್ಷದಿಂದ ಒಂದೇ ಕಾಲಲ್ಲಿ ನಿಂತವನು.

"ಇದು ಗೋಡೆಯಲ್ಲ ಡೆಲ್ಬರ್ಟ್. ಹುಲ್ಲು," ಎಂದ.

"ಪೇರಿಸಿದ್ರೆ ಗೋಡೆ ಕಣೋ."

"ಪೇರಿಸಿದ್ರೆ ಬಣವೆ. ಅದೂ ಪ್ಲಾಸ್ಟಿಕ್ ದಾರ ಕಟ್ಟಿದ ಬಣವೆ."

ಫ್ಲಾಯ್ಡ್ ಹೋಗಿ ನಾಲ್ಕು ಬೆತ್ತದ ಬುಟ್ಟಿ ತಂದ. ಇಬ್ಬರೂ ಬೆವರಿಳಿಸಿಕೊಂಡು ಮಣ್ಣು ತುಂಬಿದರು. ವರ್ನನ್ ಭೂತಗನ್ನಡಿ ಹಿಡಿದು ಬುಟ್ಟಿಗಳ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. "ಬುಟ್ಟಿ ಕಾಲಕ್ಕೆ ಸರಿಯಾಗಿದೆ. ಮಣ್ಣೂ ಹಳೇದೇ. ಆದ್ರೆ ಇದಕ್ಕೆ ಮಣ್ಣಿನ ಬುಟ್ಟಿ ಅಂತಾರೆ. ಬುಟ್ಟಿ ಬಂದೂಕು ಅಂತ ಬರ್ಕೊಳ್ಳಲಾ?"

ಹತ್ತು ಗಂಟೆ ಹೊತ್ತಿಗೆ ಡೆಲ್ಬರ್ಟ್ ಮನೆಗೆ ಮರಳಿ, ಹಿತ್ತಲ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತ. ಒಳಗಿನಿಂದ ಮಗ್ಗ ಕದಲುವ ಕಿರಕಿರ ಕೇಳಿಸುತ್ತಿತ್ತು. ಎದುರಿಗೆ ಆರ್ಡಿತ್‌ಳ ಕೋಳಿಗೂಡು. ಅವಳ ಮುತ್ತಜ್ಜನ ಮುತ್ತಜ್ಜ ಕಟ್ಟಿದ್ದು. ಕೊಡಲಿಯಲ್ಲಿ ಕೆತ್ತಿದ ಓಕ್ ಹಲಗೆ, ಒಂದೇ ಒಂದು ಕಬ್ಬಿಣದ ಮೊಳೆಯಿಲ್ಲ, ಎಲ್ಲ ಮರದ ಗೂಟ. ಎದೆಯೆತ್ತರದ ಹಿಂಗೋಡೆ.

ಡೆಲ್ಬರ್ಟ್ ಮೆಲ್ಲಗೆ ಎದ್ದು ನಿಂತ.

"ಆರ್ಡಿತ್, ಒಂದು ಗೋಡೆ ಕೊಡ್ತೀಯಾ?"

ಆರ್ಡಿತ್ ಮಹಡಿ ಕಿಟಕಿಯಿಂದ ಬಗ್ಗಿ ನೋಡಿದಳು. ಪಂದ್ಯದಲ್ಲಿ ಗೆಲ್ಲಬೇಕೆಂಬ ಆಸೆ ಅವಳಿಗಿತ್ತು, ಮೋಸದಿಂದ ಗೆಲ್ಲುವ ಆಸೆ ಇರಲಿಲ್ಲ. "ತಗೊಂಡು ಹೋಗು. ಆದ್ರೆ ಹೊತ್ತು ಮುಳುಗೋ ಮುಂಚೆ ಗೋಡೆ ಅದರ ಜಾಗದಲ್ಲಿ ಇರಬೇಕು. ಇಲ್ಲಾಂದ್ರೆ ನನ್ನ ಕೋಳಿಗಳು ಎಲ್ಲಿ ಮಲಗಬೇಕು ಅಂತ ನಾನು ಹೇಳ್ತೀನಿ, ನೀನು ಕೇಳ್ತೀಯ."

"ಆಣೆಗೂ ಕೇಳ್ತೀನಿ!"

ಫ್ಲಾಯ್ಡ್ ಗೂಟಗಳನ್ನು ಹೊಡೆದು ಬಿಡಿಸಿದ. ಅಲ್ಲಾಡುವ ಹಲ್ಲಿನಂತೆ ಗೋಡೆ ಕಳಚಿ ಬಂತು. ಕೋಳಿಗಳೆಲ್ಲ ಕಿರುಚುತ್ತ ಓಡಿದವು, ಬರ್ನೀಸ್ ಒಂದನ್ನು ಬಿಟ್ಟು. ಕಾವಿಗೆ ಕೂರುವ ಹುಚ್ಚು ಹಿಡಿದಿದ್ದ ಆ ಕೆಂಪು ಕೋಳಿ, ಗೋಡೆಗೆ ಹೊಂದಿಕೊಂಡ ಮೊಟ್ಟೆಪೆಟ್ಟಿಗೆಯಲ್ಲಿ ಬೇರು ಬಿಟ್ಟಂತೆ ಕೂತಿತ್ತು. ಎತ್ತಲು ಹೋದ ಫ್ಲಾಯ್ಡನ ಕೈ ಕುಕ್ಕಿತು.

"ಇರ್ಲಿ ಬಿಡೋ," ಎಂದ ಡೆಲ್ಬರ್ಟ್, "ಟೈಮಿಲ್ಲ."

ಗೋಡೆ, ಬಂದೂಕು, ಕೋಳಿ, ಏಪ್ರನ್ ಸಮೇತ ಗಾಡಿ ಕೋಟೆ ತಲುಪಿದಾಗ ಹನ್ನೊಂದೂವರೆ. ಮೈದಾನದ ಮಧ್ಯೆ ಗೋಡೆ ನಿಲ್ಲಿಸಿ, ಹಿಂದಿನಿಂದ ಎರಡು ಕಂಬ ಆನಿಸಿದರು. ಮೊಟ್ಟೆಪೆಟ್ಟಿಗೆಯಿದ್ದ ಒಳಮೈ, ಸುಣ್ಣ ಬಳಿದು ಬಳಿದು ಗಟ್ಟಿಯಾದದ್ದು, ಜನರ ಕಡೆಗೆ ಬಂತು. ಡೆಲ್ಬರ್ಟ್ ಅಂಚಿನಲ್ಲಿ ಕೈಬೈರಿಗೆಯಿಂದ ತೂತು ಕೊರೆದು ಕವೆ ಇಳಿಸಿದ. ಮೂರು ವರ್ಷದಲ್ಲಿ ಮೊದಲ ಸಲ ಗೋಡೆ ಬಂದೂಕು ಗೋಡೆ ಏರಿತು.

ವರ್ನನ್ ಭೂತಗನ್ನಡಿ ಹಿಡಿದು ಬಂದ. ಕೊಡಲಿಯ ಗುರುತು ನೋಡಿದ. ಗೂಟ ನೋಡಿದ. ಮೂಸಿದ.

"ಕೋಳಿ ಹಿಕ್ಕೆ," ಎಂದ.

"ಆ ಕಾಲದಲ್ಲಿ ಕೋಳಿ ಹಿಕ್ಕೆ ಹಾಕ್ತಿರಲಿಲ್ವಾ?" ಎಂದ ಫ್ಲಾಯ್ಡ್.

ವರ್ನನ್ ಯೋಚಿಸಿ ತಲೆಯಾಡಿಸಿದ. "ಹಿಕ್ಕೆಗೆ ಆಕ್ಷೇಪವಿಲ್ಲ. ಆಕ್ಷೇಪ ಕೋಳಿಗೆ. ಈ ಕೆಂಪು ತಳಿ ಹುಟ್ಟಿದ್ದೇ ಹಳೇ ಕೋಟೆ ಕಟ್ಟಿ ನೂರು ವರ್ಷ ಆದಮೇಲೆ."

"ಅದು ಗೋಡೆಯ ಭಾಗ ಅಲ್ವಲ್ಲೋ!"

"ಪೆಟ್ಟಿಗೆ ಗೋಡೆಗೆ ಸೇರಿದೆ, ಕೋಳಿ ಪೆಟ್ಟಿಗೆಗೆ ಸೇರಿದೆ. ನಿನ್ನ ಬಾಯಿಂದಲೇ ಎಷ್ಟು ಸಲ ಕೇಳಿದೀನಿ, ಕಣ್ಣಿಗೆ ಬೀಳೋದೆಲ್ಲ ಆ ಕಾಲದ್ದಾಗಿರಬೇಕು ಅಂತ."

ಇಬ್ಬರು ಸಿಪಾಯಿಗಳು ಬರ್ನೀಸಳನ್ನು ಎಬ್ಬಿಸಲು ಹೋಗಿ ರಕ್ತ ಸುರಿಸಿಕೊಂಡು ಬಂದರು. ಆ ದಿನ ಕೋಟೆಯಲ್ಲಿ ಸುರಿದ ನಿಜವಾದ ರಕ್ತ ಅಷ್ಟೇ. ಕಡೆಗೆ ಮಿಸ್ ಓಟ್ ಮುಂದೆ ಬಂದು, ಡೆಲ್ಬರ್ಟನ ತಲೆಯ ಮೇಲಿದ್ದ ಮೂರು ಮೂಲೆಯ ಟೋಪಿ ತೆಗೆದು ಕೋಳಿಯ ಮೇಲೆ ಬೋರಲು ಹಾಕಿದಳು. "ಈಗ ಕಣ್ಣಿಗೆ ಬೀಳೋದು ಟೋಪಿ. ಟೋಪಿ ಆ ಕಾಲದ್ದು. ಇನ್ನು ಯಾರಾದ್ರೂ ಬಾಯಿ ತೆಗೆದ್ರೆ ಮೂಲೆಯಲ್ಲಿ ನಿಲ್ಲಿಸ್ತೀನಿ."

ಹನ್ನೆರಡು ಹೊಡೆಯಿತು. ಮಿಸ್ ಓಟ್ ತಾನೇ ಅಳೆದ ಮದ್ದು ಕೊಟ್ಟಳು, ಗುಂಡಿಲ್ಲ, ಬರೀ ಸದ್ದಿಗೆ. ಡೆಲ್ಬರ್ಟ್ ನಳಿಗೆಗೆ ಮದ್ದು ತುಂಬಿ, ಕಿಡಿ ಬೀಳುವ ಪಕ್ಕದ ಬಟ್ಟಲಿಗೂ ಚಿಟಿಕೆ ಉದುರಿಸಿ, ಕುದುರೆ ಹಿಂದಕ್ಕೆಳೆದು, ಕಣ್ಣು ಮುಚ್ಚಿ ಟ್ರಿಗರ್ ಎಳೆದ.

ಚಟ್! ಬಟ್ಟಲಲ್ಲಿ ಬೆಳಕು ಬುಸ್ಸೆಂದಿತು, ಅಷ್ಟೇ. ನಳಿಗೆ ಸುಮ್ಮನಿತ್ತು.

"ಬಂದೂಕು ಸೀನಿತು," ಎಂದು ಗುಂಪಿನಲ್ಲಿ ಯಾರೋ ಅಂದರು. ಮಹಡಿಯಿಂದ ಮಗ್ಗ ಒಂದೊಂದೇ ಮೆಟ್ಟಿಲು ಇಳಿಯುವುದು ಡೆಲ್ಬರ್ಟನ ಕಣ್ಣಿಗೆ ಕಟ್ಟಿತು. ಬಟ್ಟಲಿನಿಂದ ನಳಿಗೆಗೆ ಬೆಂಕಿ ಹೋಗುವ ತೂತಿಗೆ ತಂತಿ ಚುಚ್ಚಿ ತೆರವು ಮಾಡಿದ, ಮತ್ತೆ ಮದ್ದು ಹಾಕಿದ, ಎಳೆದ.

ಢಮ್ಮ್!

ಮೂರು ಮೈಲಿ ಆಚೆ ಹಸುಗಳು ತಲೆ ಎತ್ತಿದವು. ಗೋಡೆ ಬುಡದಿಂದ ಗಡಗಡ ನಡುಗಿತು. ಟೋಪಿಗೆ ಕಾಲು ಬಂದು ಅದು ಮೈದಾನದುದ್ದಕ್ಕೂ ಕೊಕ್ಕೊಕ್ಕೋ ಎಂದು ಓಡಿಹೋಯಿತು.

ಹೊಗೆ ಕರಗಿದಾಗ, ಗೋಡೆಯ ಹಿಂದೆ ನಿಂತ ಡೆಲ್ಬರ್ಟನಿಗೆ ಕಂಡದ್ದು ಇದು: ಮುನ್ನೂರು ಜನ ಬಾಯಿ ತೆರೆದು ನಿಂತಿದ್ದಾರೆ. ಒಬ್ಬೊಬ್ಬರಾಗಿ ಟೋಪಿ ತೆಗೆಯುತ್ತಿದ್ದಾರೆ. ವರ್ನನ್ ಮಂಡಿಯೂರಿದ್ದಾನೆ!

ಡೆಲ್ಬರ್ಟನ ಕಣ್ಣು ತುಂಬಿ ಬಂತು. ಮೂರು ವರ್ಷದ ಶ್ರಮ ಸಾರ್ಥಕವಾಯಿತು ಎಂದುಕೊಂಡು ಎದೆಯ ಮೇಲೆ ಕೈಯಿಟ್ಟು ಎಲ್ಲರಿಗೂ ಬಾಗಿ ವಂದಿಸಿದ.

"ಏ, ನಿನಗಲ್ಲ ಕಣೋ, ಈಚೆ ಬಂದು ನೋಡು!" ಎಂದು ಫ್ಲಾಯ್ಡ್ ಅವನನ್ನು ಮುಂದಕ್ಕೆಳೆದ.

ಗೋಡೆಯ ಮೇಲಿದ್ದ ಸುಣ್ಣ ಸದ್ದಿನ ಹೊಡೆತಕ್ಕೆ ಒಂದೇ ಹಪ್ಪಳವಾಗಿ ಕಳಚಿ ಬಿದ್ದಿತ್ತು. ಕೆಳಗಿನ ಓಕ್ ಹಲಗೆಯಲ್ಲಿ ಚೂರಿಯಿಂದ ಕೆತ್ತಿದ ಅಕ್ಷರಗಳಿದ್ದವು. ವರ್ನನ್ ಭೂತಗನ್ನಡಿ ಹಿಡಿದು ಅಳುದನಿಯಲ್ಲಿ ಓದಿದ: "ಹ್ಯಾಸ್ಲೆಟ್ ಕೋಟೆ, 1758. ಚಳಿ ಬಹಳ. ಊಟ ನಾಯಿಯೂ ಮೂಸುವುದಿಲ್ಲ."

ಹಳೆಯ ಕೋಟೆಯನ್ನು ಕಳಚಿದಾಗ ಅದರ ಮರವನ್ನು ಸುತ್ತಲಿನ ರೈತರು ಹೊತ್ತುಕೊಂಡು ಹೋದರೆಂಬುದು ಊರಿಗೆಲ್ಲ ಗೊತ್ತಿತ್ತು. ಎಲ್ಲಿಗೆ ಹೋಯಿತೆಂಬುದು ಇಂದಿನವರೆಗೂ ಗೊತ್ತಿರಲಿಲ್ಲ. ಆರ್ಡಿತ್‌ಳ ಕೋಳಿಗಳು ಇಷ್ಟು ವರ್ಷ ಚರಿತ್ರೆಯ ಮೇಲೆಯೇ ಹಿಕ್ಕೆ ಹಾಕಿದ್ದವು.

ಸಮಿತಿ ಅಲ್ಲೇ, ನಿಂತ ನಿಲುವಿನಲ್ಲೇ ಸೇರಿತು. ವರ್ನನ್ ಸೂಚಿಸಿದ: "ಈ ಗೋಡೆ ಇನ್ನು ಕೋಟೆ ಬಿಟ್ಟು ಕದಲಬಾರದು. ಇದರ ಮೇಲೆ ಯಾರೂ ಯಾವ ಬಂದೂಕನ್ನೂ ಇಡಬಾರದು. ಆ ಕಾಲದ ವಸ್ತುವಿಗೆ ಈ ಕಾಲದ ಕಬ್ಬಿಣ ಸೋಕಬಾರದು."

"ಅದಂತೂ ಸರಿ. ಅನುಮೋದಿಸ್ತೀನಿ," ಎಂದು ಒಂದು ದನಿ ಹೇಳಿತು. ಆರು ವರ್ಷದ ಅಭ್ಯಾಸಬಲ. ದನಿ ತನ್ನದೆಂದು ಡೆಲ್ಬರ್ಟನಿಗೆ ಗೊತ್ತಾಗುವ ಹೊತ್ತಿಗೆ ಎಲ್ಲರೂ ಕೈ ಎತ್ತಿಯಾಗಿತ್ತು.

ಬಿಸಿಲು ಇಳಿಯುವಾಗ ಅವನು ಮನೆಗೆ ಬಂದ, ಕಂಕುಳಲ್ಲಿ ಬರ್ನೀಸ್. ಆರ್ಡಿತ್ ಮೆಟ್ಟಿಲ ಮೇಲೆ ನಿಂತಿದ್ದಳು.

"ಸದ್ದು ಇಲ್ಲಿಗೂ ಕೇಳಿಸ್ತು. ನೀನು ಗೆದ್ದೆ. ಮಾತು ಅಂದ್ರೆ ಮಾತು, ಮಗ್ಗ ಮೇಲೇ ಇರುತ್ತೆ," ಎಂದಳು. ಆಮೇಲೆ ಗಾಡಿಯ ಕಡೆ ನೋಡಿದಳು. "ಗೋಡೆ ಎಲ್ಲಿ?"

ಡೆಲ್ಬರ್ಟ್ ಹೇಳಿದ. ಆರ್ಡಿತ್ ಒಂದು ನಿಮಿಷ ಮೂರು ಗೋಡೆಯ ಗೂಡನ್ನೂ, ಹಿತ್ತಲ ಬೇಲಿಯಾಚೆ ನರಿಗಳಿದ್ದ ಕಾಡನ್ನೂ ನೋಡಿ, ಬರ್ನೀಸಳನ್ನು ಅವನಿಂದ ಕಿತ್ತುಕೊಂಡು, ಉಳಿದ ಹತ್ತು ಕೋಳಿಗಳನ್ನು ಏಪ್ರನ್ನಿನಿಂದ ಅಟ್ಟುತ್ತ ನೇರ ಗ್ಯಾರೇಜಿಗೆ ನಡೆದಳು.

"ಒಂದು ವಾರ ಅಷ್ಟೇ," ಎಂದು ಡೆಲ್ಬರ್ಟ್ ಗೋಗರೆದ. "ಹೊಸ ಗೋಡೆ ಕಟ್ಟಿಕೊಡ್ತೀನಿ."

ಸೋಮವಾರ ಸಮಿತಿಯವರು ಬಂದು ಉಳಿದ ಮೂರು ಗೋಡೆಯ ಸುಣ್ಣ ಕೆರೆದರು. ಒಂದರಲ್ಲಿ ಇನ್ನೊಬ್ಬ ಸಿಪಾಯಿಯ ಬೈಗುಳವಿತ್ತು. ಮಧ್ಯಾಹ್ನದೊಳಗೆ ಇಡೀ ಗೂಡಿನ ಸುತ್ತ ಹಗ್ಗ ಕಟ್ಟಿ "ಮುಟ್ಟಬಾರದು" ಎಂದು ಬೋರ್ಡು ನೆಟ್ಟರು. ಬೋರ್ಡಿಗೆ ಗುಂಡಿ ತೋಡಿದವನು ಡೆಲ್ಬರ್ಟ್.

ಈಗ ಬಂದೂಕು ಗ್ಯಾರೇಜಿನ ಗೋಡೆಗೆ ಅಡ್ಡಲಾಗಿ ಎರಡು ಗೂಟದ ಮೇಲಿದೆ. ಬೇರೆಲ್ಲಿಡುತ್ತಾನೆ? ಕೋಟೆಯಲ್ಲಿ ಒಂದು ಗೋಡೆಗೆ ಹುಳ, ಇನ್ನೊಂದಕ್ಕೆ ಗೌರವ. ಏಳಡಿ ನಳಿಗೆಯ ಮೇಲೆ ಸಂಜೆಯಾದರೆ ಹತ್ತು ಕೋಳಿಗಳು ಒತ್ತೊತ್ತಾಗಿ ಕೂರುತ್ತವೆ. ಬರ್ನೀಸ್ ಮಾತ್ರ ಕೆಲಸದ ಮೇಜಿನ ಮೇಲೆ, ಅರಗಳಿಡುವ ಪೆಟ್ಟಿಗೆಯಲ್ಲಿ, ಹದಿಮೂರು ಮೊಟ್ಟೆಯ ಮೇಲೆ ಕೂತಿದ್ದಾಳೆ. ಡೆಲ್ಬರ್ಟ್ ಅರ ತೆಗೆಯಲು ಕೈ ಚಾಚಿದರೆ ಕುಕ್ಕುತ್ತಾಳೆ.

ಮೊನ್ನೆ ಆರ್ಡಿತ್ ಕಾಳು ಎರಚಲು ಬಂದವಳು ಬಂದೂಕನ್ನು ತುದಿಯಿಂದ ಬುಡದವರೆಗೆ ನೋಡಿದಳು. ಮೂರು ವರ್ಷದಲ್ಲಿ ಅವಳು ಅದನ್ನು ಹಾಗೆ ಮೆಚ್ಚಿಕೊಂಡು ನೋಡಿದ್ದು ಅದೇ ಮೊದಲು.

"ಡೆಲ್ಬರ್ಟ್, ಗಟ್ಟಿಯಾಗಿ ಮಾಡಿದೀಯ ಕಣೋ. ಸ್ವಲ್ಪಾನೂ ಅಲ್ಲಾಡಲ್ಲ," ಎಂದಳು. "ಆದ್ರೆ ಮುಂದಿನ ತಿಂಗಳು ಮರಿ ಬರ್ತವೆ, ಇದೊಂದು ಸಾಲದು. ಇನ್ನೊಂದು ಮಾಡಿಬಿಡು. ಇಷ್ಟೇ ಉದ್ದ ಇರಲಿ."