ಗುರುವಾರದ ಗುಮಾನಿ

ಮಕ್ಕಳೇ, ನಿಮ್ಮ ಚಿಕ್ಕಜ್ಜ ದೇವರ ಪಟವನ್ನೂ ಒಮ್ಮೆ ತಿರುಗಿಸಿ, ಹಿಂದುಗಡೆ ಏನಿದೆ ಎಂದು ನೋಡಿಕೊಂಡೇ ಕೈ ಮುಗಿಯುವ ಮನುಷ್ಯ. ಅಜ್ಜಿ ಉತ್ಪ್ರೇಕ್ಷೆ ಮಾಡುತ್ತಾಳೆ ಎಂದು ನಿಮ್ಮಮ್ಮ ಹೇಳಬಹುದು. ಆದರೆ ಇದು ನನ್ನ ಕಣ್ಣೆದುರಿಗೇ, ಈ ಮನೆಯ ಗೃಹಪ್ರವೇಶದ ದಿನ ನಡೆದದ್ದು. "ಎಲ್ಲಿ ತಯಾರಾಗಿದ್ದು ಅಂತ ನೋಡ್ದೆ ಅತ್ತಿಗೆ, ಅಷ್ಟೇ" ಎಂದ.

ನಾನು ಮದುವೆಯಾಗಿ ಬಂದಾಗ ನಿಮ್ಮ ಅಜ್ಜನ ಈ ತಮ್ಮ ಚಡ್ಡಿ ಹಾಕಿಕೊಂಡು ಪ್ರೈಮರಿ ಶಾಲೆಗೆ ಹೋಗುತ್ತಿದ್ದ. ಅದಕ್ಕೇ 'ಅವನು' ಎಂದು ಬರೆಯುತ್ತಿದ್ದೇನೆ. ನೀವು ಹಾಗೆ ಅನ್ನಬಾರದು.

ಅವನ ತಪ್ಪೂ ಇಲ್ಲ ಬಿಡಿ. ಆಪರೇಷನ್ನಿಗೆ ಮುಂಚೆ ಮದ್ದು ಕೊಟ್ಟು ಮಲಗಿಸುವ ಡಾಕ್ಟರಾಗಿದ್ದವನು. ಮಲಗಿದವರಿಗೆ ನಿಜವಾಗಿ ನಿದ್ದೆ ಬಂದಿದೆಯೋ ಇಲ್ಲವೋ ಎಂದು ಮುಖ ನೋಡುತ್ತಲೇ ಕೆಲಸದ ವರ್ಷಗಳೆಲ್ಲ ಕಳೆದುಹೋದವು. ರಿಟೈರಾದ ಮೇಲೆ ಎಚ್ಚರವಿರುವವರ ಮುಖವನ್ನೂ ನೋಡಲು ಶುರುಮಾಡಿದ. ಟ್ರಾಮಿನಲ್ಲಿ ಟಿಕೆಟ್ ಕೇಳಲು ಬಂದವರ ಹತ್ತಿರ ಅವರ ಗುರುತಿನ ಚೀಟಿ ಕೇಳುತ್ತಾನೆ. ಟೀವಿಯಲ್ಲಿ ಹವಾಮಾನ ಹೇಳುವ ಹುಡುಗಿ ಬಿಸಿಲು ಬರುತ್ತದೆ ಎಂದರೆ, "ರೆಪ್ಪೆ ಬಡಿದಳು, ಸುಳ್ಳು" ಎಂದು ಛತ್ರಿ ತೆಗೆದುಕೊಳ್ಳುತ್ತಾನೆ. ಮ್ಯಾಂಚೆಸ್ಟರಿನಲ್ಲಿ ಮಳೆ ಬರದೇ ಇರುತ್ತದೆಯೇ? ಹಾಗಾಗಿ ಪ್ರತಿಸಲವೂ ಅವನೇ ಗೆಲ್ಲುತ್ತಾನೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತೀರಲ್ಲ? ಹೆಣ್ಣು ನೋಡಲು ಹೋದ ಕಡೆ ಹುಡುಗಿ ಹಾಡಿದಳಂತೆ. ಒಳಗಿನ ಕೋಣೆಯಿಂದ ಬೇರೆ ಯಾರಾದರೂ ಹಾಡುತ್ತಿದ್ದಾರೋ ಏನೋ ಎಂದು ಇವನು ಎದ್ದುಹೋಗಿ ನೋಡಿದನಂತೆ! ಆ ಸಂಬಂಧ ಅಲ್ಲಿಗೇ ನಿಂತಿತು.

ನಿಮ್ಮ ಅಜ್ಜ ಹೋದ ಮೇಲೆ ಅವನ ಗುಮಾನಿ ನನ್ನ ಮೇಲೆ ತಿರುಗಿತು.

ಆಗ ಮನೆ ಹೇಗಿತ್ತೆಂದು ನಿಮಗೆ ತಿಳಿಯದು, ನೀವು ಹಗಲು ಶಾಲೆಯಲ್ಲಿರುತ್ತಿದ್ದಿರಿ. ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯ ಪಾಳಿ ಕೆಲಸಕ್ಕೆ. ಮಧ್ಯಾಹ್ನ ಡಿಡ್ಸ್‌ಬರಿಯ ಈ ಮನೆಯಲ್ಲಿ ನಾನು, ಮತ್ತು ಗುಂಯ್ಗುಡುವ ಫ್ರಿಜ್ಜು. ಅನ್ನ ಮಾಡುತ್ತಿದ್ದೆ. ಆದರೆ ಒಂದೇ ತಟ್ಟೆ ಇಟ್ಟುಕೊಂಡು ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಮುಚ್ಚಿಟ್ಟು ಎದ್ದುಬಿಡುತ್ತಿದ್ದೆ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ತೂಕ ನೋಡಿದ ನಮ್ಮ ಜಿಪಿ ಡಾಕ್ಟರು ನಿಮ್ಮಪ್ಪನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಯಾರು ಕೇಳಿದರೂ "ಊಟ ಆಯ್ತು" ಎನ್ನುತ್ತಿದ್ದೆ. ಎಲ್ಲರೂ ನಂಬುತ್ತಿದ್ದರು, ಇವನೊಬ್ಬನನ್ನು ಬಿಟ್ಟು.

ದಿನಾ ಮಧ್ಯಾಹ್ನ ಬಂದು ಬಾಗಿಲಲ್ಲೇ ಕೇಳುವನು. "ಅತ್ತಿಗೆ, ಊಟ ಆಯ್ತಾ?"

"ಆಯ್ತು ಕಣಪ್ಪ."

"ಸುಳ್ಳು."

ನೇರವಾಗಿ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡುವನು. ನನ್ನ ಮನೆಯಲ್ಲಿ, ನನ್ನ ಅಡುಗೆ ಪಾತ್ರೆಯ ಮೇಲೆ ತಪಾಸಣೆ! ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವನಿಗೆ ಹೇಗೆ ಗೊತ್ತಾಗುತ್ತದೆ ಎಂಬುದು ನನ್ನನ್ನು ಕೊರೆಯುತ್ತಿತ್ತು. ಅಡುಗೆಮನೆಯಲ್ಲಿ ಕ್ಯಾಮೆರಾ ಇಟ್ಟಿದ್ದಾನೋ ಏನೋ ಎಂದು ಸಾಸಿವೆ ಡಬ್ಬಿಯ ಹಿಂದೆಯೂ ಹುಡುಕಿದೆ.

ಅಷ್ಟರಲ್ಲಿ ನಿಮ್ಮಪ್ಪ ಒಂದು ಸಂಜೆ ನನ್ನ ಪಕ್ಕ ಕುಳಿತು ಗುಟ್ಟಾಗಿ ಹೇಳಿದ. "ಅಮ್ಮ, ಚಿಕ್ಕಪ್ಪ ಪ್ರತಿ ಗುರುವಾರ ಕ್ಯಾಸಿನೋಗೆ ಹೋಗ್ತಿದಾನೆ. ಪೋಕರ್ ಅಂತೆ. ಮನೆ ಮಠ ಕಳ್ಕೊಂಡಾನು. ನೀನೊಂದ್ಸಲ ಜೊತೆಗೆ ಹೋಗಿ ನೋಡ್ಕೊಂಡು ಬಾ."

ಇಸ್ಪೀಟಿನ ಎಲೆ ಮುಟ್ಟಿದರೆ ಬೆರಳ ಗೆಣ್ಣಿಗೆ ಏಟು ಬೀಳುತ್ತಿದ್ದ ಹಳ್ಳಿ ಶಾಲೆಯಲ್ಲಿ ಓದಿದವಳು ನಾನು. ಗಂಡ ಸತ್ತವಳು ಜೂಜಿನ ಮನೆಗೆ ಹೋಗುವುದೇ? ಆಗುವುದಿಲ್ಲ ಎಂದೆ. ಮಾರನೆಯ ದಿನವೇ ಇವನು ಬಂದು ಇನ್ನೊಂದು ಗುಟ್ಟು ಹೇಳಿದ. "ಅತ್ತಿಗೆ, ನಮ್ಮ ಟೇಬಲ್ಲಲ್ಲಿ ಯಾರೋ ಮೋಸ ಮಾಡ್ತಿದಾರೆ. ಹೆಚ್ಚು ಮಾತಾಡದೆ ನೋಡೋರು ಒಬ್ರು ಬೇಕು. ನೀವು ಬನ್ನಿ."

ಇವನ ಮೇಲೆ ಕಣ್ಣಿಡು ಎಂದು ಮಗ, ಗೆಳೆಯರ ಮೇಲೆ ಕಣ್ಣಿಡಿ ಎಂದು ಇವನು. ಎರಡೂ ಕಡೆಯ ಗೂಢಚಾರಳಾಗಿ, ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ಹೊರಟೆ.

ಅವನ ಗೆಳೆಯರು ಇಬ್ಬರು. ಒಬ್ಬರು ಧಾರವಾಡದ ಲೇಡಿ ಡಾಕ್ಟರು, ಈಗ ರಿಟೈರು. ಇನ್ನೊಬ್ಬರು ಮಂಗಳೂರಿನವರು, ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಯಲ್ಲಿದ್ದವರು. ಕ್ಯಾಸಿನೋದ ಕಾರ್ ಪಾರ್ಕಿನಲ್ಲಿ ಕಾರಿನ ಡಿಕ್ಕಿ ತೆಗೆದಿಟ್ಟುಕೊಂಡು ಗಾಳಿಯಲ್ಲಿ ನಡುಗುತ್ತಾ ನಿಂತಿದ್ದರು. ಡಿಕ್ಕಿಯೊಳಗೆ ತಟ್ಟೆಗಳು! ಬರುವಾಗ ಚಿತ್ರಾನ್ನ ಮಾಡಿಕೊಂಡು ಬನ್ನಿ ಎಂದು ಮೈದುನ ಯಾಕೆ ಹೇಳಿದ್ದನೆಂದು ಆಗ ತಿಳಿಯಿತು.

"ಹಸಿದವರ ಮುಖ ಓದೋಕಾಗಲ್ಲ" ಎಂದು ಅವನು ವಿವರಿಸಿದ. "ಆಟಕ್ಕೆ ಮುಂಚೆ ಎಲ್ಲರೂ ನನ್ನ ಕಣ್ಣೆದುರಿಗೆ ತಿನ್ನಬೇಕು. ಇದು ನಮ್ಮ ರೂಲ್ಸು. ನೀವೂ ತಿನ್ನಿ ಅತ್ತಿಗೆ, ನೋಡೋರ ಹೊಟ್ಟೆಯೂ ತುಂಬಿರಬೇಕು."

ಎಂಥ ವಿಚಿತ್ರ ರೂಲ್ಸು! ಆದರೆ ಹೊಸ ಜಾಗದಲ್ಲಿ ವಾದ ಮಾಡಲು ನಾಚಿಕೆ. ನಾಲ್ಕೂ ಜನ ಡಿಕ್ಕಿಯ ಸುತ್ತ ನಿಂತು, ತಟ್ಟೆಯಿಂದ ಹಾರುವ ಕಡಲೆಬೀಜ ಹಿಡಿಯುತ್ತಾ ಉಂಡೆವು.

ಒಳಗೆ ಹೋದರೆ ಮೆತ್ತನೆ ಹಾಸು, ಮಬ್ಬು ಬೆಳಕು. ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ, ನಡುವೆ ಐದು ಎಲೆ ಒಂದೊಂದಾಗಿ ತೆರೆದಿಡುತ್ತಾರೆ. ಎಲೆ ಚೆನ್ನಾಗಿಲ್ಲದವರು ಚೆನ್ನಾಗಿದೆ ಎಂಬ ಮುಖ ಮಾಡಿಕೊಂಡು ಕೂರುತ್ತಾರೆ. ನನಗೆ ತಿಳಿದಷ್ಟು ಆಟ ಇಷ್ಟೇ. ನಾನು ಮೈದುನನ ಬೆನ್ನ ಹಿಂದೆ ಕುಳಿತು, "ಇಲ್ಲಿ ಸೆಕೆ ಅಲ್ವಾ?" ಎಂದು ಧಾರವಾಡದವರಿಗೆ ಮೆಲ್ಲಗೆ ಅಂದೆ. ಎಲೆ ಹಂಚುವ ಹೆಂಗಸು ಕೈ ನಿಲ್ಲಿಸಿ, ನಗುನಗುತ್ತಲೇ, ಮೇಜಿನಲ್ಲಿ ಆಟ ನಡೆಯುವಾಗ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಎಂದಳು. ಬೇರೆ ಭಾಷೆಯಲ್ಲಿ ಎಲೆಯ ಗುಟ್ಟು ಹೇಳಿಕೊಟ್ಟರೆ ಎಂಬ ಅನುಮಾನವಂತೆ. ನನಗೆ ಇಂಗ್ಲಿಷ್ ಆಡಲು ಬಾರದು, ಕನ್ನಡ ಆಡುವಂತಿಲ್ಲ. ಮಾತಾಡಲೇಬೇಡ ಎಂದು ನಗುತ್ತಾ ಹೇಳುವ ಜಾಗ ಈ ದೇಶದಲ್ಲಿ ನನಗೆ ಸಿಕ್ಕಿದ್ದು ಅದೊಂದೇ. ಮನಸ್ಸಿಗೆ ಹಾಯೆನಿಸಿತು.

ಮೈದುನ ಮಾತ್ರ ಜನವರಿಯಲ್ಲಿ, ಛಾವಣಿಯ ಕೆಳಗೆ, ಕಪ್ಪು ಕನ್ನಡಕ ಹಾಕಿ ಕುಳಿತಿದ್ದ. ತನ್ನ ಕಣ್ಣು ಯಾರೂ ಓದಬಾರದಂತೆ. ಕೊನೆಗೆ ಗತ್ತಿನಿಂದ ಎಲೆ ಬಿಚ್ಚಿ, ನಡುವಿನವೂ ಸೇರಿ ಐದೂ ಆಟೀನು, ಒಂದೇ ಜಾತಿ ಎಂದು ತೋರಿಸಿದ. ಅದರಲ್ಲಿ ಒಂದು ಡೈಮನ್, ಅದೂ ಕೆಂಪೇ! ಕಪ್ಪು ಕನ್ನಡಕದಲ್ಲಿ ಅವನ ಎಲೆ ಅವನಿಗೇ ಓದಲಾಗಿರಲಿಲ್ಲ. ಇವನು ಮನೆ ಮಠ ಕಳೆದುಕೊಳ್ಳುವಷ್ಟು ದೊಡ್ಡ ಆಟ ಅಲ್ಲಿ ನಡೆಯುತ್ತಿರಲಿಲ್ಲ, ಸದ್ಯ.

ಆಟ ಮುಗಿದು ಹೊರಗೆ ಬಂದ ಮೇಲೆ ವಿಚಾರಣೆ.

"ಅವರು ಮೂಗು ಮುಟ್ಕೊಂಡ್ರಾ ಅತ್ತಿಗೆ?"

"ಮುಟ್ಕೊಂಡ್ರು."

"ನೋಡಿದ್ರಾ?"

ಮಂಗಳೂರಿನವರು ಕರ್ಚೀಫು ತೆಗೆದರು. "ಮಾರಾಯಾ, ನನಗೆ ಶೀತ ಆಗಿದೆ. ನಿನ್ನ ಈ ಕಾರ್ ಪಾರ್ಕಿನ ಊಟದಿಂದಲೇ ಆದದ್ದು."

ಆಮೇಲೆ ಗುರುವಾರಗಳು ಹೀಗೇ ಹೋದವು. ನಾನು ವರದಿ ಒಪ್ಪಿಸಿದಾಗಲೆಲ್ಲ ನಿಮ್ಮಪ್ಪ, "ಒಂದೇ ವಾರ ನೋಡಿ ಹೇಳೋಕಾಗಲ್ಲ, ಮುಂದಿನ ವಾರವೂ ಹೋಗು" ಎನ್ನುತ್ತಿದ್ದ. ಪುಳಿಯೋಗರೆ, ಬಿಸಿಬೇಳೆಭಾತು, ಒಮ್ಮೆ ಧಾರವಾಡದವರ ರೊಟ್ಟಿ. ಬಳೆಗಳು ಮೆಲ್ಲಗೆ ಮಣಿಕಟ್ಟಿಗೆ ಇಳಿದವು. ನಾನು ಗಮನಿಸಲೂ ಇಲ್ಲ.

ಒಂದು ಗುರುವಾರ ಆಲಿಕಲ್ಲು ಬಿದ್ದು ಮೊಸರನ್ನದ ಮೇಲೆಲ್ಲ ಕುಳಿತಿತು. ಮೈದುನ ಪಾರ್ಕಿಂಗ್ ಚೀಟಿ ತರಲು ಹೋಗಿದ್ದ. ಪಾಪ, ನಿಮ್ಮ ಈ ರೂಲ್ಸು ಎಷ್ಟು ವರ್ಷದಿಂದ ಎಂದು ಧಾರವಾಡದವರನ್ನು ಕೇಳಿದೆ.

"ಎಲ್ಲೀ ರೂಲ್ಸ್ ರೀ ಅಕ್ಕಾರ" ಎಂದರು ಅವರು. "ನೀವು ಬರೋಕ್ಕಿಂತ ಮೊದ್ಲ ನಾವೆಲ್ಲಾ ಒಳಗ ಬೆಚ್ಚಗ ಕುಂತು ಚಿಪ್ಸ್ ತಿಂತಿದ್ವಿ. ಹೊರಗಿನ ಊಟ ಒಳಗ ಬಿಡಂಗಿಲ್ಲ. ನೀವು ಚಿಪ್ಸ್ ಮುಟ್ಟಂಗಿಲ್ಲ. ಅದಕ್ಕ ಈ ಥಂಡ್ಯಾಗ ನಿಂತು ಉಣ್ಣೂದು."

ಮಗನ ಗುಟ್ಟೂ ಮೈದುನನ ಗುಟ್ಟೂ ಒಂದೇ ಎಂದು ಆಗ ಹೊಳೆಯಿತು.

ಅವತ್ತು ಹಿಂದಿರುಗುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ. "ನಾನು ಉಂಡಿಲ್ಲ ಅಂತ ನಿಂಗೆ ಹೇಗಪ್ಪ ಗೊತ್ತಾಗ್ತಿತ್ತು?"

ಅವನು ರಸ್ತೆ ನೋಡುತ್ತಲೇ ಹೇಳಿದ. "ಅಣ್ಣ ಹೇಳಿದ್ದು. ಆಸ್ಪತ್ರೆಯಲ್ಲಿ, ಕೊನೇ ವಾರ. ಅವಳು ಊಟ ಆಯ್ತು ಅಂದ್ರೆ ನಂಬಬೇಡ, ಎಡಗಿವಿ ನೋಡು. ಸುಳ್ಳು ಹೇಳುವಾಗ ಓಲೆ ತಿರುಗಿಸ್ತಾಳೆ ಅಂದ."

ಮಕ್ಕಳೇ, ನಿಮ್ಮ ಅಜ್ಜ ನನಗೆ ಒಂದು ದಿನವೂ ಇದನ್ನು ಹೇಳಿರಲಿಲ್ಲ. ಅತ್ತೆಮನೆಯಲ್ಲಿ ಎಲ್ಲರಿಗೂ ಬಡಿಸಿ, ಪಾತ್ರೆ ತಳ ಕಂಡಾಗ ನಾನು "ಊಟ ಆಯ್ತು" ಎಂದರೆ ಅವರು, "ನಂಗೇ ಇನ್ನೊಂದು ತುತ್ತು ಬೇಕೆನಿಸ್ತಿದೆ, ಅವಲಕ್ಕಿ ಕಲಸು, ನೀನೂ ಕೂತ್ಕೋ" ಎನ್ನುತ್ತಿದ್ದರು. ಇಷ್ಟು ವರ್ಷವೂ ನಾನು ಅವರನ್ನು ಹೊಟ್ಟೆಬಾಕ ಎಂದುಕೊಂಡಿದ್ದೆ.

ಮೊನ್ನೆ ಮೈದುನನ ಫ್ಲ್ಯಾಟಿಗೆ ಹೋಗಿದ್ದೆ. ಅವನು ಟೀಗೆ ನೀರಿಡುವಷ್ಟರಲ್ಲಿ, ಇದೇನು ನನಗೆ ಬಾರದ ವಿದ್ಯೆಯೇ ಎಂದು ಅವನ ಫ್ರಿಜ್ಜಿನ ಬಾಗಿಲು ತೆಗೆದು ನೋಡಿದೆ. ಒಣಗಿದ ಒಂದು ನಿಂಬೆಹಣ್ಣು, ಅರ್ಧ ಪ್ಯಾಕೆಟ್ ಬ್ರೆಡ್ಡು. ಸದ್ದಿಲ್ಲದೆ ಮುಚ್ಚಿದೆ.

ಈಗ ಮಧ್ಯಾಹ್ನ ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಚಿಂತೆ ಮಾಡಬೇಡಿ. ಉಂಡು, ತಟ್ಟೆ ತೊಳೆದು ಒರೆಸಿ, ಕಾಣದಂತೆ ಒಳಗಿಡುತ್ತೇನೆ. ಇನ್ನಿಬ್ಬರಿಗೆ ಆಗುವಷ್ಟು ಅನ್ನ ಪಾತ್ರೆಯಲ್ಲಿ ಉಳಿಸಿರುತ್ತೇನೆ. ಆಮೇಲೆ ಅವನು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

"ಅತ್ತಿಗೆ, ಊಟ ಆಯ್ತಾ?"

"ಆಯ್ತು ಕಣಪ್ಪ" ಎಂದು ಎಡಗಿವಿಯ ಓಲೆಯನ್ನು ಮೆಲ್ಲಗೆ ತಿರುಗಿಸುತ್ತೇನೆ.

"ಸುಳ್ಳು" ಎನ್ನುತ್ತಾನೆ. ಗೆದ್ದವನ ಹಾಗೆ ಕೋಟು ಕಳಚಿ, ಎರಡು ತಟ್ಟೆ ಹಾಕಿ, ನಾನು ತುತ್ತು ಬಾಯಿಗಿಡುವವರೆಗೂ ಎದುರಿಗೆ ಕುಳಿತು ಕಾಯುತ್ತಾನೆ. ಆಮೇಲೆ ತಾನೂ ಹೊಟ್ಟೆ ತುಂಬ ಉಣ್ಣುತ್ತಾನೆ.