ಬೀಗದ ಮನೆಯ ಬೋಳುತಲೆ

ಅಡುಗೆಗೆ ತಂದ ಕುಂಬಳಕಾಯಿಯ ಬೀಜಗಳು ಕಸದ ಬುಟ್ಟಿ ಸೇರಿದ್ದರೆ ಗಡಿಯಾರ ರಿಪೇರಿಯವನು ಇವತ್ತಿಗೂ ನೆಮ್ಮದಿಯಾಗಿರುತ್ತಿದ್ದ. ಅವನೋ ಅವನ್ನು ತೊಳೆದು, ಒಣಗಿಸಿ, ವಾಚಿನ ಬಿಡಿಭಾಗಗಳ ಡಬ್ಬಿಯಲ್ಲಿ ಜೋಪಾನ ಮಾಡಿ, ಆಮೇಲೆ ತಾರಸಿಯ ಮೇಲೆ ಒಂದು ಒಡಕು ಬಕೆಟ್ಟಿನಲ್ಲಿ ಬಿತ್ತಿದ. ಗಿಡ ಬೆಳೆಸಿದವರು ಅಂದೇ ಮನೆ ಖಾಲಿ ಮಾಡಬೇಕೆಂದು ಬಾಡಿಗೆ ಕರಾರಿನಲ್ಲೇ ಬರೆದಿತ್ತು. ಆದರೆ ಓನರ್ ಬರುವುದು ವರ್ಷಕ್ಕೊಮ್ಮೆ. ಬಳ್ಳಿಗೇನು ಬಾಯಿದೆಯೇ ಎಂದುಕೊಂಡ.

ಬಾಯಿ ಇರಲಿಲ್ಲ, ಕೈಗಳಿದ್ದವು. ಬಳ್ಳಿ ಹಿತ್ತಲ ಕಡೆಯ ಪೈಪು ಹಿಡಿದು ಎರಡು ಮಹಡಿ ಇಳಿದು, ಆರು ತಿಂಗಳಿಂದ ಬೀಗ ಬಿದ್ದಿದ್ದ ಕೆಳಮನೆಯ ವೆಂಟಿಲೇಟರಿನೊಳಗೆ ನುಗ್ಗಿತು. ಬೆಳಕು ಬಿಟ್ಟು ಕತ್ತಲಿಗೆ ಹೋದ ಗಿಡವನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ಒಮ್ಮೆ ಸ್ಟೂಲು ಹತ್ತಿ ಎಳೆದು ನೋಡಿದ. ಒಳಗೆ ಏನೋ ಭಾರವಾದದ್ದು ತಿರುಗಿ ಎಳೆದಂತಾಯಿತು. ಕಾಯಿ ಒಳಗೇ ಬೆಳೆದು ಕಿಂಡಿಗಿಂತ ದಪ್ಪವಾಗಿತ್ತು.

ಭಾನುವಾರ ಮಧ್ಯಾಹ್ನ ಎದುರುಮನೆಯ ಟೈಲರ್ ಏದುಸಿರು ಬಿಡುತ್ತ ಬಂದ.

“ಅಣ್ಣಾ, ಕೆಳಗಡೆ ಮನೇಲಿ ಯಾರೋ ಕೂತಿದ್ದಾರೆ!”

“ಬೀಗ ಹಾಕಿದೆಯಲ್ಲಪ್ಪಾ.”

“ಅದಕ್ಕೇ ಹೇಳ್ತಿರೋದು! ಕಿಟಕಿ ಸಂದೀಲಿ ನೋಡ್ದೆ. ಕುರ್ಚಿ ಮೇಲೆ ಒಂದು ಬೋಳುತಲೆ. ಅಲ್ಲಾಡೋದೇ ಇಲ್ಲ.”

ರಿಪೇರಿಯವನ ಎದೆ ಧಸಕ್ಕೆಂದಿತು. ದೆವ್ವಕ್ಕಲ್ಲ, ಕರಾರಿಗೆ. ಈ ಮನೆ ಬಿಟ್ಟರೆ ಹೆಂಡತಿಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು?

ಕೆಳಗೆ ಪಕ್ಕದ ಮನೆಯ ನರ್ಸಮ್ಮ ಕಿಟಕಿಗೆ ಕಣ್ಣು ಹಚ್ಚಿ ನಿಂತಿದ್ದರು. “ನಾನು ಎಷ್ಟೋ ಹೆಣ ನೋಡಿದ್ದೀನಿ. ಜೀವ ಇರೋರು ಇಷ್ಟು ಅಲ್ಲಾಡದೆ ಕೂರಲ್ಲ,” ಎಂದು ಓನರ್‌ಗೆ ಫೋನ್ ಹಚ್ಚಿದರು. ಯಾರೂ ಎತ್ತಲಿಲ್ಲ. ಆದರೆ ಬೀಗದ ಮನೆಯೊಳಗಿಂದ ಗುಂಯ್ ಎಂಬ ಸದ್ದು ಬಂತು. ಇನ್ನೊಮ್ಮೆ ಹಚ್ಚಿದರು. ಇನ್ನೊಮ್ಮೆ ಗುಂಯ್ ಎಂದಿತು.

“ಉಸಿರಾಡ್ತಿದೆ!” ಎಂದು ಟೈಲರ್ ಎರಡು ಹೆಜ್ಜೆ ಹಿಂದೆ ಸರಿದ. ಹೂವಿಗೆ ದುಂಬಿ ಬಂದಿರಬೇಕು ಎಂದು ರಿಪೇರಿಯವನು ಒಳಗೊಳಗೇ ಸಮಾಧಾನ ಮಾಡಿಕೊಂಡ.

“ಪೊಲೀಸರನ್ನ ಕರೀರಿ,” ಎಂದರು ನರ್ಸಮ್ಮ.

“ಬೇಡ ಬೇಡ! ನಾನೊಬ್ನೇ ಹೋಗಿ ನೋಡ್ಬರ್ತೀನಿ.”

ಅವನ ಹೆಂಡತಿ ಅಳಲಿಲ್ಲ, ತಡೆಯಲೂ ಇಲ್ಲ. ಒಳಗೆ ಹೋಗಿ ಒಂದು ಚೂರಿ, ಒಂದು ದೊಡ್ಡ ಚೀಲ ತಂದುಕೊಟ್ಟು, “ಕತ್ತು ಗಟ್ಟಿ ಇರತ್ತೆ, ನಿಧಾನಕ್ಕೆ ಕುಯ್ಯಿರಿ,” ಎಂದು ಪಿಸುಗುಟ್ಟಿದಳು. ಅದನ್ನು ಕೇಳಿಸಿಕೊಂಡ ಟೈಲರ್ ಅವಳಿಂದಲೂ ಎರಡು ಹೆಜ್ಜೆ ದೂರ ಹೋದ.

ಹಿತ್ತಲ ಬಾಗಿಲಿನ ಚಿಲಕ ಮೀಟಲು ಸ್ಕ್ರೂಡ್ರೈವರ್ ತಂದಿದ್ದ. ಮುಟ್ಟುವಷ್ಟರಲ್ಲಿ ಬಾಗಿಲು ತಾನೇ ತೆರೆದುಕೊಂಡಿತು. ಒಳಗೆ ಹಸಿ ಮಣ್ಣಿನ ವಾಸನೆ. ಗೋಡೆ ತುಂಬ ಬಿಳಿಚಿಕೊಂಡ ಎಲೆಗಳು ಅಂಗೈ ಊರಿದಂತೆ ಅಂಟಿಕೊಂಡಿದ್ದವು. ನಡುಮನೆಯಲ್ಲಿ ಅವನಿಗೆ ಬೆನ್ನು ಮಾಡಿದ ಕುರ್ಚಿ, ಅದರ ಮೇಲೆ ಮಂಕಾಗಿ ಹೊಳೆಯುವ ಗುಂಡು. ತನ್ನದೇ ಬೆಳೆ ಎಂದು ಗೊತ್ತಿದ್ದರೂ ಧೈರ್ಯಕ್ಕೆಂದು ಮಾತಾಡಿಸಿದ.

“ಬಾ ಮಗನೇ. ಬಿತ್ತಿದೋನು ನಾನೇ, ಕುಯ್ಯೋನೂ ನಾನೇ. ಆ ಮುದುಕ ಓನರ್‌ಗೆ ಗೊತ್ತಾಗೋ ಮುಂಚೆ ಚೀಲಕ್ಕೆ ಹಾಕ್ತೀನಿ.”

ಪ್ರೀತಿಯಿಂದ ಅದರ ಮೇಲೆ ಕೈಯಿಟ್ಟ. ಬೆಚ್ಚಗಿತ್ತು.

ತಲೆ ಮೆಲ್ಲಗೆ ತಿರುಗಿತು. ಯಾವಾಗಲೂ ಟೋಪಿ ಹಾಕಿಕೊಂಡೇ ಬರುತ್ತಿದ್ದ ಮನುಷ್ಯ. ಟೋಪಿ ಇಲ್ಲದೆ ನೋಡಿದ್ದು ಇದೇ ಮೊದಲು. ಮಡಿಲಲ್ಲಿ ತೊಟ್ಟು ಕೊಯ್ದ ಕುಂಬಳಕಾಯಿ ಮಗುವಿನಂತೆ ಮಲಗಿತ್ತು, ಪಕ್ಕದಲ್ಲಿ ಫೋನು ಗುಂಯ್‌ಗುಡುತ್ತಿತ್ತು.

“ಬೆಳಿಗ್ಗೆ ಮನೆ ನೋಡೋಕೆ ಬಂದೆ,” ಎಂದಿತು ಧ್ವನಿ. “ತಾರಸಿ ಎಲ್ಲರದ್ದು, ಬಳ್ಳಿ ಯಾರದ್ದು ಅಂತ ಹೇಗೆ ಹೇಳೋದು? ಕಾಯಿ ಹಿಡ್ಕೊಂಡು ಕೂತ್ರೆ ಬೆಳೆಸಿದೋನು ಬಂದೇ ಬರ್ತಾನೆ ಅಂತ ಕಾಯ್ತಿದ್ದೆ.”

ಹೊರಗಿನಿಂದ ಟೈಲರ್ ಕೂಗಿದ. “ಅಣ್ಣಾ, ಏನದು? ಮನುಷ್ಯಾನಾ, ದೆವ್ವಾನಾ?”

ರಿಪೇರಿಯವನಿಗೆ ಆ ತಲೆಯ ಮೇಲಿಂದ ಕೈ ತೆಗೆಯಲೂ ತ್ರಾಣವಿರಲಿಲ್ಲ.

“ಎರಡೂ ಅಲ್ಲಪ್ಪಾ, ಓನರ್ರು. ನಮ್ಮನೆಯವಳಿಗೆ ಸಾಮಾನು ಕಟ್ಟೋಕೆ ಹೇಳು.”