ಸಾತಪ್ಪನ ಭೌತಿಕ ವಿಳಾಸ

ಕಾಲೇಜಿನ ವೈಫೈಗೆ ತನ್ನ ಲ್ಯಾಪ್‌ಟಾಪ್ ಜೋಡಿಸಲು ಕುಳಿತ ಸಾತಪ್ಪನಿಗೆ ಪರದೆಯ ಮೇಲಿನ ಅರ್ಜಿಯ ಎರಡನೆಯ ಸಾಲಿಗೇ ಬೆವರು ಬಂತು. ಅಲ್ಲಿ ‘ಭೌತಿಕ ವಿಳಾಸ’ ಎಂದು ಕೇಳಿತ್ತು.

ಬೆಳಗಾವಿಯ ಆ ಕಾಲೇಜಿನ ಗ್ರಂಥಾಲಯದಲ್ಲಿ ಅವನು ಹನ್ನೊಂದು ವರ್ಷದಿಂದ ಸಹಾಯಕ. ಹನ್ನೊಂದು ವರ್ಷದಿಂದಲೂ ಹಂಗಾಮಿ. ಗ್ರಂಥಾಲಯದ ಕಂಪ್ಯೂಟರ್ ಹೋದ ವಾರ ಒಮ್ಮೆ ಹೊಗೆಯುಗುಳಿ ಕಣ್ಣು ಮುಚ್ಚಿತ್ತು. ನಾಳೆ ತಪಾಸಣಾ ಸಮಿತಿ ಬರುವುದಿತ್ತು. ಪುಸ್ತಕಗಳ ಪಟ್ಟಿಯನ್ನು ಇವತ್ತು ಐದು ಗಂಟೆಯೊಳಗೆ, ಅದೂ ಕಾಲೇಜಿನ ವೈಫೈಯಿಂದಲೇ ಕಳಿಸಬೇಕು. ಇಲ್ಲದಿದ್ದರೆ ಮುಂದಿನ ನೇಮಕಪತ್ರದಲ್ಲಿ ಬೇರೆಯವರ ಹೆಸರಿರುತ್ತದೆ ಎಂದು ಪ್ರಾಚಾರ್ಯರು ನಗುತ್ತಾ ಹೇಳಿದ್ದರು. ಅವರು ನಕ್ಕದ್ದೇ ಸಾತಪ್ಪನನ್ನು ಹೆಚ್ಚು ಹೆದರಿಸಿತ್ತು. ಅಂಗಡಿಯೊಂದರಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಂಡು, ಮಗುವನ್ನು ಸೂಜಿ ಚುಚ್ಚಿಸಲು ಕರೆತಂದವನಂತೆ ಎದೆಗವಚಿ ತಂದಿದ್ದ.

“ಕಾಂತಾಬಾಯಿ, ಭೌತಿಕ ವಿಳಾಸ ಅಂದ್ರ ಏನ್ರೀ?” ಎಂದು ಬಾಜೂ ಮೇಜಿನ ಟೈಪಿಸ್ಟ್ ಕಾಂತಾಳನ್ನು ಕೇಳಿದ.

“ಮನಿ ಅಡ್ರೆಸ್ರೀ. ಮತ್ತೇನು ಆಧ್ಯಾತ್ಮಿಕ ವಿಳಾಸ ಕೇಳ್ತಾರೇನು?”

ಸಾತಪ್ಪ ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದ: ಹುಣಸೆಮರದ ಎದುರಿನ ಹೆಂಚಿನ ಮನೆ, ಖಾನಾಪುರ. ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಚಕ್ರ ಗಾಣದ ಎತ್ತಿನಂತೆ ತಿರುಗಿತು. ಮರುಕ್ಷಣ ಅವನ ಮೊಬೈಲ್ ಗುಂಯ್‌ಗುಟ್ಟಿತು. ಸಂದೇಶ ಅಚ್ಚ ಕನ್ನಡದಲ್ಲಿತ್ತು.

“ನಿಮ್ಮ ಭೌತಿಕ ವಿಳಾಸದಲ್ಲಿ ಅನಿಕೇತ ಎಂಬವರು ಈಗಾಗಲೇ ಇದ್ದಾರೆ. ನಿಮಗೆ ಪ್ರವೇಶ ನಿರಾಕರಿಸಲಾಗಿದೆ.”

ಸಾತಪ್ಪ ಎರಡು ಸಲ ಓದಿದ. ಹೆಂಡತಿ ಕಾಡವ್ವ ಮನೆಯಲ್ಲಿ ಒಬ್ಬಳೇ ಇದ್ದಳು.

“ಯಾರ್ರೀ ಈ ಅನಿಕೇತ?” ಎಂದು ಕಾಂತಾ ಕಣ್ಣರಳಿಸಿದಳು.

“ನನಗ ಗೊತ್ತಿಲ್ಲರೀ! ನಮ್ಮ ಬಳಗದಾಗ ಆ ಹೆಸರಿನಾಂವ ಯಾರೂ ಇಲ್ಲ!”

ಪುಸ್ತಕ ಹಿಂದಿರುಗಿಸಲು ಬಂದಿದ್ದ ಕನ್ನಡ ಮೇಷ್ಟ್ರು ಗೌರೀಶ ಮೊಬೈಲ್ ಇಸಿದುಕೊಂಡು ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. “ಸಾತಪ್ಪ, ಅನಿಕೇತ ಅಂದ್ರ ಸಂಸ್ಕೃತದಾಗ ಮನಿ ಇಲ್ಲದಾಂವ ಅಂತ ಅರ್ಥ. ಮನಿ ಇಲ್ಲದಾಂವ ನಿಮ್ಮ ಮನಿ ಹಿಡದಾನ!”

“ಕಂಪ್ಯೂಟರಿಗೆ ಹೆಂಗ ಗೊತ್ತಾತ್ರೀ?”

“ಈಗ ಎಲ್ಲಾ ಮ್ಯಾಲಿಂದ ನೋಡ್ತಾರ. ಉಪಗ್ರಹ!” ಗೌರೀಶರು ಛತ್ತಿನ ಕಡೆ ಬೆರಳು ತೋರಿಸಿದರು. ಸಾತಪ್ಪ ಫ್ಯಾನನ್ನು ಭಯದಿಂದ ನೋಡಿದ.

ವೈಫೈ ನೋಡಿಕೊಳ್ಳುವ ಬಸವಪ್ರಸಾದನ ಕೋಣೆಗೆ ಓಡಿದರೆ ಬೀಗ. ‘ಹಲ್ಲುನೋವು, ನೆಹರು ನಗರದ ದಂತ ಆಸ್ಪತ್ರೆಗೆ ಹೋಗಿದ್ದೇನೆ’ ಎಂಬ ಚೀಟಿ ಬಾಗಿಲಿಗೆ ಅಂಟಿತ್ತು. ವಾಪಸು ಬಂದು ಸಾತಪ್ಪ ದೇವರ ಮೇಲೆ ಭಾರ ಹಾಕಿ ಇನ್ನೊಮ್ಮೆ ಗುಂಡಿ ಒತ್ತಿದ. ಎರಡನೆಯ ಸಂದೇಶ ಬಂತು. “ಮತ್ತೆ ಪ್ರಯತ್ನಿಸಬೇಡಿ. ನೀವು ನೀಡಿದ ವಿಳಾಸವನ್ನು ಅನಿಕೇತ ಅವರಿಗೆ ತಿಳಿಸಲಾಗಿದೆ.”

“ಒಳಗ ಇದ್ದಾಂವಗ ಮತ್ಯಾಕ ವಿಳಾಸ?” ಎಂದಳು ಕಾಂತಾ.

“ಉಳದವರನ್ನ ಕರ್ಸಾಕ. ಇಂಥವರು ಒಬ್ಬೊಬ್ಬರ ಬರೂದಿಲ್ಲ,” ಎಂದರು ಗೌರೀಶರು.

ಸಾತಪ್ಪ ಕಾಡವ್ವನಿಗೆ ನಾಲ್ಕು ಸಲ ಫೋನ್ ಮಾಡಿದ. ನಾಲ್ಕು ಸಲವೂ ಅದು ರಿಂಗಾಗಿ ರಿಂಗಾಗಿ ಸತ್ತಿತು. ಕೊನೆಗೆ ನೆರೆಮನೆಯ ಬಸವಣ್ಣೆವ್ವನಿಗೆ ಮಾಡಿದ. ಅವಳಿಗೆ ಅರವತ್ತೈದು. ಅವಳು ಅಂಗಳದಲ್ಲಿ ಕೆಮ್ಮಿದರೆ ರಸ್ತೆಯಲ್ಲಿ ಹೋಗುವ ಬಸ್ಸು ನಿಲ್ಲುತ್ತಿತ್ತು.

“ಬಸವಣ್ಣೆವ್ವಾರ, ನಮ್ಮ ಮನ್ಯಾಗ ಯಾರೋ ಅನಿಕೇತ ಅಂತ ಹೊಕ್ಕಾನ್ರೀ! ಕಾಡವ್ವ ಫೋನ್ ಎತ್ತವಲ್ಲಳು!”

“ಹೆದರಬ್ಯಾಡೋ ತಮ್ಮಾ. ಅನಿಕೇತ ಅಂದಿ, ಹೌದಿಲ್ಲೋ? ಬ್ಯಾರೆ ಹೆಸರಿನಾಂವ ಬಂದ್ರ ಬಿಡ್ತೀನಿ. ಇವನ್ನ ಬಿಡೂದಿಲ್ಲ.”

ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಸಾತಪ್ಪ ಖಾನಾಪುರದ ಬಸ್ಸು ಹತ್ತಿದಾಗ ಮೂರು ಗಂಟೆ. ಅವಸರದಲ್ಲಿ ಚಪ್ಪಲಿ ಗ್ರಂಥಾಲಯದಲ್ಲೇ ಉಳಿದಿತ್ತು. ಇದೆಲ್ಲ ಯಂತ್ರದ ತಪ್ಪಿರಬಹುದು, ಕಾಡವ್ವ ಮಲಗಿರಬಹುದು ಎಂದು ಅವನು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ದೇಸೂರ ದಾಟುವ ಹೊತ್ತಿಗೆ ಅದನ್ನು ಅರ್ಧ ನಂಬಿಯೂ ಇದ್ದ. ಅಷ್ಟರಲ್ಲಿ ಫೋನು ಬಂತು.

“ಸಿಕ್ಕಾನೋ!” ಬಸವಣ್ಣೆವ್ವನ ದನಿ ಹಿಂದಿನ ಸೀಟಿನವರಿಗೂ ಕೇಳಿತು. “ಕೋಣ ರೇ ತೂ ಅಂತ ಮರಾಠ್ಯಾಗ ಕೇಳಿದ್ನಿ, ಯಾವಂವ ನೀ ಅಂತ ಕನ್ನಡದಾಗ ಕೇಳಿದ್ನಿ. ಎರಡರಾಗೂ ಅನಿಕೇತ ಅಂದ!”

ಸಾತಪ್ಪನ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ನಿಂತವು. ಹಾಗಾದರೆ ಖರೇ. ಯಂತ್ರ ಸುಳ್ಳು ಹೇಳಿರಲಿಲ್ಲ. ಅವನು ಸೀಟಿನ ಕಂಬಿ ಹಿಡಿದು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

ಅವನು ಮನೆ ಮುಟ್ಟುವಾಗ ಅಂಗಳದಲ್ಲಿ ಮೂವತ್ತು ಜನ ಬಡಿಗೆ ಹಿಡಿದು ನಿಂತಿದ್ದರು. ಕಾಡವ್ವ ನಿದ್ದೆಗಣ್ಣಲ್ಲಿ ಹೊಸ್ತಿಲ ಮೇಲೆ ಕುಳಿತಿದ್ದಳು. “ಒಂದ ತಾಸು ಮಲಗಿದ್ನಿ. ಎದ್ದು ನೋಡಿದ್ರ ಊರಾ ಇಲ್ಲೈತಿ,” ಎಂದಳು. ಕುರಿದೊಡ್ಡಿಯಲ್ಲಿ ಏಳು ಕುರಿಗಳ ನಡುವೆ, ತಲೆಯ ಮೇಲೆ ಹುಲ್ಲು ಹೊತ್ತು, ಒಬ್ಬ ತರುಣ ನಿಂತಿದ್ದ. ಅವನು ತಂದಿದ್ದ ಕುಂದಾ ಮಿಠಾಯಿಯ ಪೆಟ್ಟಿಗೆಯನ್ನು ಬಸವಣ್ಣೆವ್ವ ಬಾಂಬೆಂದು ತಿಳಿದು ನೀರಿನ ತೊಟ್ಟಿಗೆ ಎಸೆದಿದ್ದಳು.

“ಕಾಕಾ, ಹೊಡೀಬ್ಯಾಡ್ರೀ,” ಎಂದ ಅವನು ಸಾತಪ್ಪನನ್ನು ಕಂಡು. “ನಾ ದೇಸೂರಾಂವ. ಈ ಲ್ಯಾಪ್‌ಟಾಪ್ ಮೊದಲ ನಂದಿತ್ತು. ನಿಮ್ಮ ಕಾಲೇಜಿನ್ಯಾಗ ಓದೂಮುಂದ ವೈಫೈಗೆ ನನ್ನ ಹೆಸರಿಲೆ ಬರಸಿದ್ನಿ, ಅದು ಹಂಗಾ ಉಳದೈತಿ. ಪ್ರತಿ ಕಂಪ್ಯೂಟರಿಗೂ ಒಂದ ನಂಬರ ಇರ್ತದ. ಅದಕ್ಕ ಭೌತಿಕ ವಿಳಾಸ ಅಂತಾರ. ಮನಿಗಲ್ಲ! ನೀವು ಏನ ಬರದ್ರೂ ವೈಫೈ ಆ ನಂಬರ ತಾನಾ ಓದ್ಕೊಂತೈತಿ.”

“ಮತ್ತ ನೀ ಯಾಕ ಬಂದಿ?”

“ಮಾರೂಮುಂದ ನನ್ನ ತಂಗಿ ಮದುವಿ ಫೋಟೋ ಅದರಾಗ ಉಳದಾವು. ಅಂಗಡ್ಯಾಂವ ಯಾರಿಗೆ ಮಾರೀನಂತ ಹೇಳಲಿಲ್ಲ. ಇವತ್ತ ನಿಮ್ಮ ವಿಳಾಸ ನನ್ನ ಮೊಬೈಲಿಗೆ ಬಂತು. ಖುಷೀಲೆ ಗಾಡಿ ತಗೊಂಡು ಓಡಿ ಬಂದ್ನಿ.”

ಸಾತಪ್ಪನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅವನೇ ಕೈ ಹಿಡಿದು ಅನಿಕೇತನನ್ನು ದೊಡ್ಡಿಯಿಂದ ಹೊರಗೆ ತಂದ, ಹುಲ್ಲು ಕೊಡವಿದ, ಕಾಲು ಮುಟ್ಟಲೂ ಬಾಗಿದ. ಕಾಡವ್ವ ಚಹಾಕ್ಕೆ ಇಟ್ಟಳು. ಹುಡುಗ ಒಳ್ಳೆಯವನು. ತನ್ನ ಹೆಸರು ತೆಗೆಯುವುದು ಒಂದು ಬೆರಳಿನ ಕೆಲಸ ಎಂದ.

“ಈಗ ನಾಲ್ಕಾಗೈತಿ. ಹೆಸರ ತಗದು ನನ್ನ ಗಾಡಿ ಮ್ಯಾಲ ನಿಮ್ಮನ್ನ ಕಾಲೇಜಿಗೆ ಬಿಡ್ತೀನಿ. ಫೋಟೋ ಆಮ್ಯಾಲೆ ನೋಡೂಣು.”

ಬೆಳಗಿನಿಂದ ಮೊದಲ ಬಾರಿ ಸಾತಪ್ಪನ ಎದೆಬಡಿತ ತಹಬಂದಿಗೆ ಬಂತು. ಅನಿಕೇತ ಮೊಬೈಲ್ ತೆಗೆದ. ವೈಫೈಯಿಂದ ಬಂದಿದ್ದ ಸಂದೇಶದ ಕೆಳಗೆ ಒತ್ತಲು ಎರಡು ಸಾಲುಗಳಿದ್ದವು. ‘ಈ ಯಂತ್ರವನ್ನು ಬೇರೆಯವರಿಗೆ ಕೊಟ್ಟಿದ್ದೇನೆ’ ಎಂಬುದು ಮೇಲೆ, ‘ಈ ಯಂತ್ರ ಕಳವಾಗಿದೆ’ ಎಂಬುದು ಕೆಳಗೆ. ಮೂವತ್ತು ಜನ ಬಡಿಗೆ ಸಮೇತ ಅವನ ಹೆಗಲ ಮೇಲೆ ಬಗ್ಗಿದರು. ಅವರ ಪೆಟ್ಟು ತಿಂದಿದ್ದ ಹುಡುಗನ ಹೆಬ್ಬೆರಳು ಪರದೆಯ ಮೇಲೆ ನಡುಗಿತು.

“ಲಗೂನ ಒತ್ತೋ!” ಎಂದು ಬಸವಣ್ಣೆವ್ವ ಅವನ ಕಿವಿಯಲ್ಲಿ ಗುಡುಗಿದಳು.

ಹುಡುಗ ಗೇಣುದ್ದ ಜಿಗಿದ. ಬೆರಳೂ ಜಿಗಿಯಿತು.

ಸಾತಪ್ಪನ ಕಿಸೆಯಲ್ಲಿ ಮೊಬೈಲ್ ಗುಂಯ್‌ಗುಟ್ಟಿತು.

“ನಿಮ್ಮ ಬಳಿ ಕಳವಿನ ಯಂತ್ರ ಪತ್ತೆಯಾಗಿದೆ. ನೀವು ನೀಡಿದ ವಿಳಾಸವನ್ನು ಪೊಲೀಸರಿಗೆ ಕಳಿಸಲಾಗಿದೆ. ದಯವಿಟ್ಟು ಅಲ್ಲೇ ಇರಿ.”

“ಈಗ ಯಾರ ಬರ್ತಾರಂತ?” ಎಂದು ಕಾಡವ್ವ ಚಹಾದ ಕಪ್ಪು ಹಿಡಿದು ಕೇಳಿದಳು.

ಸಾತಪ್ಪ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ದೊಡ್ಡಿಯ ಬಾಗಿಲು ತಾನೇ ತೆಗೆದು, ಒಳಗೆ ಹೋಗಿ ಕುರಿಗಳ ನಡುವೆ ಕುಳಿತ. ಬಸವಣ್ಣೆವ್ವ ಒಂದು ಕ್ಷಣ ಯೋಚಿಸಿ, ಹೊರಗಿನಿಂದ ಚಿಲಕ ಹಾಕಿದಳು.